ಎಲ್ಲ ಚೀಟಿಯೂ ಅರ್ಜೆಂಟ್ ಆದಾಗ: ಒಂದೇ ಸಿ.ಟಿ. ಇದ್ದ ರೇಡಿಯಾಲಜಿ ವಿಭಾಗದ ಪ್ರಕರಣ

ಹಿನ್ನೆಲೆ

ಸುತ್ತಲಿನ ಸಣ್ಣ ಆಸ್ಪತ್ರೆಗಳಲ್ಲಿ ಆಗದ ಕೇಸುಗಳೆಲ್ಲ ಬಂದು ಸೇರುವ ಒಂದು ದೊಡ್ಡ ಆಸ್ಪತ್ರೆ. ಅದರ ರೇಡಿಯಾಲಜಿ ವಿಭಾಗದಲ್ಲಿ, ಅಂದರೆ ದೇಹದ ಒಳಗಿನ ಚಿತ್ರ ತೆಗೆದು ಓದುವ ವಿಭಾಗದಲ್ಲಿ, ಇದ್ದದ್ದು ಒಂದೇ ಸಿ.ಟಿ. ಯಂತ್ರ (ಎಕ್ಸ್‌ರೇಯಿಂದ ದೇಹವನ್ನು ಪದರಪದರವಾಗಿ ತೋರಿಸುವಂಥದ್ದು), ಅದೂ ಹಳೆಯದು. ಉದ್ದದ ಸ್ಕ್ಯಾನ್ ಒಂದು ಮುಗಿದರೆ ಅದರ ಎಕ್ಸ್‌ರೇ ಟ್ಯೂಬ್ ತಣ್ಣಗಾಗುವವರೆಗೆ ಕಾಯಬೇಕು. ಎಕ್ಸ್‌ರೇ ಕೋಣೆ ಎರಡು, ವಾರ್ಡಿಗೆ ತಳ್ಳಿಕೊಂಡು ಹೋಗುವ ಎಕ್ಸ್‌ರೇ ಯಂತ್ರ ಒಂದು. ಅಲ್ಟ್ರಾಸೌಂಡ್ ಯಂತ್ರ ಎರಡಿದ್ದರೂ ಒಂದರ ಪ್ರೋಬ್ (ರೋಗಿಯ ಮೈಮೇಲೆ ಇಟ್ಟು ನೋಡುವ ಭಾಗ) ಕೆಟ್ಟು ಕೂತಿತ್ತು. ಎಂ.ಆರ್.ಐ. ಇರಲೇ ಇಲ್ಲ. ಹಗಲು ಇಬ್ಬರೋ ಮೂವರೋ ರೇಡಿಯಾಲಜಿಸ್ಟ್‌ಗಳು ಇರುತ್ತಿದ್ದೆವು. ರಾತ್ರಿ ಒಬ್ಬರು. ಕೆಲವು ರಾತ್ರಿ ಆ ಒಬ್ಬರೂ ಫೋನಿನಲ್ಲಿ ಮಾತ್ರ.

ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ರೋಗಿಗಳ ಗುರುತು ಸಿಗದಂತೆ ವಯಸ್ಸು, ಹೊತ್ತು, ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ಇದು ಬರೀ ನಮ್ಮ ಆಸ್ಪತ್ರೆಯ ಮಾತಲ್ಲ. ಯಂತ್ರ ಒಂದು, ಕಾಯುವವರು ಹಲವರು ಇರುವ ಯಾವ ಕಡೆಯಾದರೂ ಇದೇ ತೊಡಕು ಬರುತ್ತದೆ.

ಸರದಿ ನಡೆಯುತ್ತಿದ್ದ ರೀತಿ ಸರಳವಾಗಿತ್ತು. ವಾರ್ಡಿನಿಂದ, ಕ್ಯಾಶುವಾಲ್ಟಿಯಿಂದ, ಹೊರರೋಗಿ ವಿಭಾಗದಿಂದ ಸ್ಕ್ಯಾನ್ ಕೇಳಿ ಚೀಟಿ ಬರುತ್ತದೆ. ಕೌಂಟರಿನ ಟ್ರೇಯಲ್ಲಿ ಒಂದರ ಕೆಳಗೊಂದು ಕೂರುತ್ತದೆ. ಮೊದಲು ಬಂದವರಿಗೆ ಮೊದಲು. ಮೇಲೆ ‘ಅರ್ಜೆಂಟ್’ ಎಂದು ಬರೆದಿದ್ದರೆ ಆ ಚೀಟಿ ಮುಂದಕ್ಕೆ.

ಕೆಲವು ವರ್ಷ ಇದು ಹೇಗೋ ನಡೆಯಿತು. ರೋಗಿಗಳ ಸಂಖ್ಯೆ ಏರಿದಂತೆ ಅರ್ಜೆಂಟ್ ಚೀಟಿಗಳೂ ಏರಿದವು. ಬರುಬರುತ್ತಾ ಆ ಪದ ಇಲ್ಲದ ಚೀಟಿ ಸಿಗುವುದೇ ಕಷ್ಟವಾಯಿತು. ಬರೆದ ಡಾಕ್ಟರುಗಳು ಸುಳ್ಳು ಹೇಳುತ್ತಿದ್ದರು ಎಂದಲ್ಲ. ಆ ಪದ ಬರೆಯದಿದ್ದರೆ ತಮ್ಮ ರೋಗಿಯ ಸ್ಕ್ಯಾನ್ ಇವತ್ತು ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ತಮ್ಮ ರೋಗಿಯ ಪರ ನಿಲ್ಲುವುದು ಅವರ ಕೆಲಸ ತಾನೇ? ಆದರೆ ಎಲ್ಲರೂ ಹಾಗೆ ಮಾಡಿದ ಮೇಲೆ ಟೆಕ್ನಿಷಿಯನ್ ಕೈಯಲ್ಲಿ ಉಳಿದ ಅಳತೆಗೋಲು ಒಂದೇ: ಯಾರು ಜಾಸ್ತಿ ಸಲ ಫೋನ್ ಮಾಡುತ್ತಾರೆ ಎನ್ನುವುದು.

ಆ ರಾತ್ರಿ

ಅರವತ್ತು ದಾಟಿದ ಒಬ್ಬರು. ಊಟಕ್ಕೆ ಕೂತಿದ್ದಾಗ ಬಲಗೈ ಸೋತಿತು, ಮಾತು ತೊದಲಿತು. ಮನೆಯವರು ತಡಮಾಡಲಿಲ್ಲ. ಕ್ಯಾಶುವಾಲ್ಟಿಗೆ ಬಂದಾಗ ಒಂದೂಕಾಲು ಗಂಟೆ ಕಳೆದಿತ್ತು ಅಷ್ಟೇ. ಡ್ಯೂಟಿ ಡಾಕ್ಟರ್ ನೋಡಿದ ಕೂಡಲೇ ಸ್ಟ್ರೋಕ್ ಎಂದು ಗುರುತಿಸಿದರು. ‘ಸಿ.ಟಿ. ಬ್ರೈನ್, ಅರ್ಜೆಂಟ್’ ಎಂದು ಬರೆದು ಕಳಿಸಿದರು.

ಸ್ಟ್ರೋಕ್‌ನಲ್ಲಿ ಎರಡು ಬಗೆ. ಮೆದುಳಿನ ರಕ್ತನಾಳ ಮುಚ್ಚಿಕೊಂಡಿರಬಹುದು, ಇಲ್ಲವೇ ಒಡೆದು ರಕ್ತ ಸೋರಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಮುಚ್ಚಿದ್ದರೆ ಹೆಪ್ಪು ಕರಗಿಸುವ ಔಷಧ ಕೊಡಬಹುದು. ಒಡೆದಿದ್ದರೆ ಅದೇ ಔಷಧ ಜೀವ ತೆಗೆಯಬಹುದು. ಅದಕ್ಕೇ ಔಷಧಕ್ಕೆ ಮುಂಚೆ ಸಿ.ಟಿ. ಆಗಲೇಬೇಕು. ಈ ಔಷಧಕ್ಕೆ ಮೊದಲು 3 ಗಂಟೆಯ ಗಡುವು ಇತ್ತು. 2008ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ನಂತರ ಅದು 4.5 ಗಂಟೆಗೆ ಏರಿತು. ಲೆಕ್ಕ ಶುರುವಾಗುವುದು ಆಸ್ಪತ್ರೆಗೆ ಬಂದಾಗಿನಿಂದ ಅಲ್ಲ, ರೋಗಿ ಕೊನೆಯದಾಗಿ ಸರಿಯಾಗಿದ್ದ ಹೊತ್ತಿನಿಂದ. ಆ ಗಡುವಿನೊಳಗೂ ಬೇಗ ಕೊಟ್ಟಷ್ಟು ಲಾಭ ಜಾಸ್ತಿ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಕಾಣಲು ಕೊಡುವ ದ್ರವ) ಇಲ್ಲದ ತಲೆಯ ಸ್ಕ್ಯಾನ್‌ಗೆ ರೋಗಿಯನ್ನು ಮಲಗಿಸಿ ಇಳಿಸುವುದೂ ಸೇರಿ ಹತ್ತು ನಿಮಿಷ ಸಾಕು.

ಆ ಹೊತ್ತಿಗೆ ಟ್ರೇಯಲ್ಲಿ ಇವರಿಗಿಂತ ಮುಂಚೆ ಮೂರು ಚೀಟಿಗಳಿದ್ದವು. ಒಂದು, ಹೊಟ್ಟೆಯ ಗೆಡ್ಡೆಗೆ ಚಿಕಿತ್ಸೆ ನಡೆಯುತ್ತಿದ್ದ ವಾರ್ಡಿನ ರೋಗಿ. ಕುಡಿಯುವ ಕಾಂಟ್ರಾಸ್ಟ್ ಆಗಲೇ ಕುಡಿದು ಸಿದ್ಧರಿದ್ದರು. ಎರಡನೆಯದು, ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಯುವಕ. ಪೂರ್ತಿ ಎಚ್ಚರ, ವಾಂತಿಯಿಲ್ಲ, ನಡೆದೇ ಬಂದಿದ್ದ. ಮೂರನೆಯದು, ಆಪರೇಷನ್ ಆದ ಮೇಲೆ ಜ್ವರ ಇಳಿಯದ ಒಬ್ಬರು. ಅವರ ಸರ್ಜನ್ ಪದೇಪದೇ ಫೋನ್ ಮಾಡಿದ್ದರು. ಮೂರರ ಮೇಲೂ ‘ಅರ್ಜೆಂಟ್’. ಟೆಕ್ನಿಷಿಯನ್ ಒಬ್ಬರೇ ಇದ್ದರು. ಬಂದ ಸಾಲಿನಲ್ಲೇ ತೆಗೆದುಕೊಂಡರು. ನಡುವೆ ಟ್ಯೂಬ್ ಬಿಸಿಯಾಗಿ ಯಂತ್ರ ನಿಂತಿತು. ಜ್ವರದ ರೋಗಿಗೆ ಕಾಂಟ್ರಾಸ್ಟ್ ಕೊಡಬೇಕಿತ್ತು, ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯೇಟಿನಿನ್ ರಿಪೋರ್ಟ್ ಬಂದಿರಲಿಲ್ಲ. ಅದಕ್ಕಾಗಿ ಕಾಯುವಾಗ ಯಂತ್ರ ಖಾಲಿಯೇ ಇತ್ತು. ಹೊರಗೆ ಸ್ಟ್ರೋಕ್ ರೋಗಿ ಸ್ಟ್ರೆಚರ್ ಮೇಲೆ ಇದ್ದರು.

ಅವರ ಸರದಿ ಬಂದು, ಫೋಟೋ ಫೋನಿನಲ್ಲಿ ರೇಡಿಯಾಲಜಿಸ್ಟ್‌ಗೆ ಹೋಗಿ, ‘ರಕ್ತಸ್ರಾವ ಇಲ್ಲ’ ಎಂಬ ಉತ್ತರ ಬರುವಷ್ಟರಲ್ಲಿ 4.5 ಗಂಟೆ ಕಳೆದಿತ್ತು. ಔಷಧ ಆಸ್ಪತ್ರೆಯಲ್ಲೇ ಇತ್ತು, ಕೊಡಲು ಆಗಲಿಲ್ಲ. ಕೊಟ್ಟಿದ್ದರೆ ಕೈ ಖಂಡಿತ ವಾಪಸ್ ಬರುತ್ತಿತ್ತು ಎಂದು ಯಾರೂ ಹೇಳಲಾರರು. ಆದರೆ ಒಂದು ಅವಕಾಶ ಇತ್ತು. ಅದು ನಮ್ಮ ಬಾಗಿಲ ಹೊರಗೆ ಕಳೆದುಹೋಯಿತು.

ಚೀಟಿಗಳನ್ನು ಮೇಜಿನ ಮೇಲೆ ಹರಡಿದಾಗ

ಮಾರನೆಯ ದಿನದ ಸಭೆಯಲ್ಲಿ ಮಾತು ಬೇಗನೆ ಟೆಕ್ನಿಷಿಯನ್ ಕಡೆ ತಿರುಗಿತು. ‘ಸ್ಟ್ರೋಕ್ ಮೊದಲು ಅಂತ ಅವರಿಗೆ ಗೊತ್ತಿರಬೇಕಿತ್ತು’ ಎಂದರು ಕೆಲವರು. ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರು ಆ ರಾತ್ರಿಯ ಚೀಟಿಗಳನ್ನೆಲ್ಲ ತರಿಸಿ ಮೇಜಿನ ಮೇಲೆ ಹರಡಿದರು. ಒಂದರ ಮೇಲೂ ‘ಸ್ಟ್ರೋಕ್’ ಎಂಬ ಪದ ಇರಲಿಲ್ಲ. ಯಾವ ಹೊತ್ತಿಗೆ ಶುರುವಾಯಿತು ಎಂಬುದೂ ಇರಲಿಲ್ಲ. ಇದ್ದದ್ದು ದೇಹದ ಯಾವ ಭಾಗ ಮತ್ತು ‘ಅರ್ಜೆಂಟ್’, ಇವೆರಡೇ. ಬೈಕಿನ ಹುಡುಗನ ಚೀಟಿ ಮತ್ತು ಸ್ಟ್ರೋಕ್ ರೋಗಿಯ ಚೀಟಿ ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದವು.

ಹೊತ್ತು ಎಷ್ಟಾಯಿತೆಂಬುದು ಕ್ಯಾಶುವಾಲ್ಟಿಯ ರಿಜಿಸ್ಟರಿನಲ್ಲಿತ್ತು. ಮನೆಯವರ ಬಾಯಲ್ಲಿ ಇತ್ತು. ಅವರು ಬಾಗಿಲಲ್ಲಿದ್ದ ಅಟೆಂಡರ್‌ಗೆ ಹೇಳುತ್ತಲೇ ಇದ್ದರಂತೆ. ಆದರೆ ಗಂಟೆ ಗೊತ್ತಿದ್ದವರು ಬೇರೆ, ಸರದಿ ನಡೆಸುವವರು ಬೇರೆ. ಈ ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಎನಿಸುವುದು ಇದೇ. ಯಂತ್ರ ಇನ್ನೊಂದು ಇದ್ದಿದ್ದರೆ ಒಳ್ಳೆಯದೇ. ಆದರೆ ಆ ರಾತ್ರಿ ಕೊರತೆಯಾಗಿದ್ದು ಯಂತ್ರಕ್ಕಿಂತ ಹೆಚ್ಚಾಗಿ ಮಾಹಿತಿ.

ಮೊದಲ ಎರಡು ಯತ್ನ

ಮೊದಲು ಬಣ್ಣದ ಸ್ಟಿಕ್ಕರ್ ತಂದೆವು. ಕೆಂಪು, ಹಳದಿ, ಹಸಿರು. ಕ್ಯಾಶುವಾಲ್ಟಿಯಲ್ಲಿ ಬಣ್ಣದ ಪದ್ಧತಿ ಚೆನ್ನಾಗಿ ನಡೆಯುತ್ತಿತ್ತು, ಇಲ್ಲೂ ನಡೆಯುತ್ತದೆ ಅಂದುಕೊಂಡೆವು. ಅಲ್ಲಿ ಬಣ್ಣ ಹಾಕುವ ನರ್ಸ್ ಎಲ್ಲ ರೋಗಿಗಳನ್ನೂ ಕಣ್ಣಾರೆ ನೋಡುತ್ತಾರೆ. ನಾಡಿ, ಉಸಿರು, ರಕ್ತದೊತ್ತಡ ಅಳೆದು ಬಣ್ಣ ಹಾಕುತ್ತಾರೆ. ನಮ್ಮಲ್ಲಿ ಬಣ್ಣ ಹಾಕುತ್ತಿದ್ದವರು ತಮ್ಮ ಒಬ್ಬ ರೋಗಿಯನ್ನು ಮಾತ್ರ ಬಲ್ಲ ಡಾಕ್ಟರ್. ಕೆಲವೇ ವಾರಗಳಲ್ಲಿ ಕೆಂಪು ಸ್ಟಿಕ್ಕರ್ ಖಾಲಿಯಾದವು. ಹಸಿರು ಹಾಗೇ ಉಳಿದವು.

ಆಮೇಲೆ, ಕೆಂಪು ಬೇಕಾದರೆ ಹಿರಿಯ ಡಾಕ್ಟರ ಸಹಿ ಇರಬೇಕು ಎಂದು ಮಾಡಿದೆವು. ಇದು ಇನ್ನೂ ಕೆಟ್ಟದಾಯಿತು. ಹಿರಿಯರು ಆಪರೇಷನ್ ಥಿಯೇಟರಿನಲ್ಲಿ ಇದ್ದರೆ ಸಹಿಗಾಗಿಯೇ ಮುಕ್ಕಾಲು ಗಂಟೆ. ಕಿರಿಯರು ಅದಕ್ಕೂ ದಾರಿ ಕಂಡುಕೊಂಡರು. ಮೊದಲೇ ಸಹಿ ಹಾಕಿಸಿದ ಖಾಲಿ ಚೀಟಿಗಳ ಕಟ್ಟು ಡ್ರಾಯರಿನಲ್ಲಿ ಇರತೊಡಗಿತು. ಅವರನ್ನು ಬೈದು ಪ್ರಯೋಜನ ಇರಲಿಲ್ಲ.

ದಾರಿ ತೋರಿಸಿದ್ದು ಒಬ್ಬ ಹಿರಿಯ ಟೆಕ್ನಿಷಿಯನ್. ಸಭೆಯ ಕೊನೆಯಲ್ಲಿ ಅವರು ಹೇಳಿದರು: ‘ಸರ್, ಅರ್ಜೆಂಟ್ ಅಂತ ಬರೆಯೋದೇ ಬೇಡ. ಎಷ್ಟು ಗಂಟೆಯೊಳಗೆ ಬೇಕು ಅಂತ ಬರೀರಿ. ಅದಕ್ಕಿಂತ ತಡ ಆದ್ರೆ ಏನು ನಷ್ಟ ಅಂತಾನೂ ಬರೀರಿ. ಮಿಕ್ಕಿದ್ದು ನಾವು ನೋಡ್ಕೋತೀವಿ.’

ಮೂರು ಪ್ರಶ್ನೆಯ ಚೀಟಿ

ಹೊಸ ಚೀಟಿಯಲ್ಲಿ ಅರ್ಜೆಂಟ್ ಎಂದು ಬರೆಯಲು ಜಾಗವೇ ಇರಲಿಲ್ಲ. ಮೂರು ಪ್ರಶ್ನೆ ಇದ್ದವು. ಏನಿರಬಹುದು ಎಂದು ಅನುಮಾನ? ಫೋಟೋ ನೋಡಿದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ಆ ನಿರ್ಧಾರ ಎಷ್ಟು ಹೊತ್ತಿನೊಳಗೆ ಆಗಬೇಕು? ಸ್ಟ್ರೋಕ್ ಅನುಮಾನವಿದ್ದರೆ, ಕೊನೆಯದಾಗಿ ಸರಿಯಾಗಿದ್ದ ಗಂಟೆ ಬರೆಯುವುದು ಕಡ್ಡಾಯ.

ಎರಡನೆಯ ಪ್ರಶ್ನೆ ನಾವು ಊಹಿಸದ ಕೆಲಸ ಮಾಡಿತು. ಉತ್ತರ ಬರೆಯಲು ಕೂತಾಗ ಕೆಲವು ಸ್ಕ್ಯಾನ್‌ಗಳು ಬೇಡವೇ ಬೇಡ ಎಂದು ಡಾಕ್ಟರುಗಳಿಗೇ ಹೊಳೆಯಿತು. ವೃಷಣ ತಿರುಚಿಕೊಂಡಿದೆ ಎಂದು ಪರೀಕ್ಷೆಯಲ್ಲೇ ಬಲವಾದ ಅನುಮಾನವಿದ್ದರೆ ಅಲ್ಟ್ರಾಸೌಂಡ್‌ಗೆ ಕಾಯಬಾರದು, ನೇರ ಆಪರೇಷನ್‌ಗೆ ಹೋಗಬೇಕು. ಸುಮಾರು 6 ಗಂಟೆ ದಾಟಿದರೆ ವೃಷಣ ಉಳಿಯುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ. ಎದೆಯಲ್ಲಿ ಗಾಳಿ ತುಂಬಿ ಒತ್ತಡದಿಂದ ರಕ್ತದೊತ್ತಡ ಕುಸಿಯುತ್ತಿದ್ದರೆ ಎಕ್ಸ್‌ರೇಗೂ ಕಾಯಬಾರದು. ಮೊದಲು ಗಾಳಿ ಹೊರಗೆ ಬಿಡಬೇಕು. ಇಂಥವರು ನಮ್ಮ ಸಾಲಿಗೆ ಬರುವುದೇ ಅಪಾಯ. ಸರದಿಯಲ್ಲಿ ಮುಂದೆ ಕೂರಿಸಿದರೂ ಅದು ತಡವೇ.

ತಲೆಯ ಪೆಟ್ಟು, ಕಾಲು ಉಳುಕು, ಇವೆರಡಕ್ಕೆ ಆಗಲೇ ಜಗತ್ತಿಗೆ ಗೊತ್ತಿರುವ ನಿಯಮಗಳನ್ನು ಗೋಡೆಗೆ ಅಂಟಿಸಿದೆವು. 1992ರಲ್ಲಿ ಬಂದ ಒಟ್ಟಾವಾ ನಿಯಮ ಪಾದದ ಕೀಲಿನದು. ಗೊತ್ತುಮಾಡಿದ ಜಾಗಗಳಲ್ಲಿ ಮೂಳೆ ಒತ್ತಿದರೆ ನೋವಿಲ್ಲ, ನಾಲ್ಕು ಹೆಜ್ಜೆ ಇಡಬಲ್ಲರು ಅಂದರೆ ಎಕ್ಸ್‌ರೇ ಬೇಡ. 2001ರಲ್ಲಿ ಬಂದ ಕೆನಡಾದ ತಲೆ ಸಿ.ಟಿ. ನಿಯಮ ಎಚ್ಚರ ಇರುವ ಆದರೆ ಪ್ರಜ್ಞೆ ತಪ್ಪಿದ್ದ, ಮರೆವು ಅಥವಾ ಗೊಂದಲ ಕಂಡ ದೊಡ್ಡವರಿಗೆ. ಎರಡು ಗಂಟೆಯಾದರೂ ಪೂರ್ತಿ ಎಚ್ಚರಕ್ಕೆ ಬಂದಿಲ್ಲವೇ, ಎರಡು ಅಥವಾ ಹೆಚ್ಚು ಸಲ ವಾಂತಿಯಾಗಿದೆಯೇ, ವಯಸ್ಸು 65 ಅಥವಾ ಮೇಲೆಯೇ, ಬುರುಡೆ ಒಡೆದ ಲಕ್ಷಣ ಇದೆಯೇ, ಹೀಗೆ ಕೇಳುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೂ ಮಕ್ಕಳಿಗೂ ಅದು ಸಲ್ಲದು ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆಸಿದೆವು. ಅಷ್ಟನ್ನು ಬಿಟ್ಟು ಅಂಟಿಸಿದರೆ ನಿಯಮವೇ ಹಾನಿ ಮಾಡುತ್ತದೆ.

ಕಾಂಟ್ರಾಸ್ಟ್ ವಿಚಾರವೂ ಸರಿಹೋಯಿತು. ಕಿಡ್ನಿ ತೊಂದರೆಯ ಸುಳಿವಿಲ್ಲದವರಿಗೆ ಕ್ರಿಯೇಟಿನಿನ್ ರಿಪೋರ್ಟ್‌ಗಾಗಿ ಸುಮ್ನೆ ಕಾಯುವುದು ನಿಂತಿತು. ಜೀವಕ್ಕೇ ಅಪಾಯ ಇರುವಾಗ ಯಾರಿಗೂ ಕಾಯುವುದು ಬೇಡ ಎಂದಾಯಿತು. ರಿಪೋರ್ಟ್ ಬೇಕೇಬೇಕು ಅನ್ನುವವರು ಯಂತ್ರದ ಮುಂದೆ ಕಾಯದೆ ವಾರ್ಡಿನಲ್ಲಿ ಕಾಯುತ್ತಾರೆ.

ಸರದಿಗೆ ಒಬ್ಬ ಯಜಮಾನ

ಚೀಟಿ ಬದಲಾದರೂ ಯಾರಾದರೂ ಓದಿ ನಿರ್ಧಾರ ಮಾಡಬೇಕಲ್ವಾ? ಪ್ರತಿ ಪಾಳಿಗೂ ಒಬ್ಬರನ್ನು ಸರದಿಯ ಹೊಣೆಗಾರ ಎಂದು ನೇಮಿಸಿದೆವು. ಹೆಚ್ಚಾಗಿ ಹಿರಿಯ ಟೆಕ್ನಿಷಿಯನ್. ಗೊಂದಲವಾದರೆ ರೇಡಿಯಾಲಜಿಸ್ಟ್‌ಗೆ ಫೋನ್. ಆದರೆ ಸಾಲು ಬದಲಿಸುವ ಅಧಿಕಾರ ಹೊಣೆಗಾರರಿಗೇ. ಬೇರೆ ಯಾರೇ ಹೇಳಿದರೂ ಚೀಟಿ ಜರುಗಬಾರದು.

ಕಾಗದದ ಮೇಲೆ ಇದು ಸುಲಭ. ನಿಜವಾದ ಪರೀಕ್ಷೆ ಬಂದದ್ದು ಒಬ್ಬ ಪ್ರಭಾವಿ ಹಿರಿಯ ತಜ್ಞರು ತಮ್ಮ ಪರಿಚಯದವರ ಬೆನ್ನುನೋವಿನ ಸ್ಕ್ಯಾನ್ ಈಗಲೇ ಆಗಬೇಕು ಎಂದಾಗ. ಆ ಪಾಳಿಯ ಹೊಣೆಗಾರರಾಗಿದ್ದ ಟೆಕ್ನಿಷಿಯನ್ ಮೂರು ಪ್ರಶ್ನೆಗಳನ್ನೇ ಮೃದುವಾಗಿ ಕೇಳಿದರು. ಕಾಲಿನ ಬಲ ಹೋಗಿದೆಯೇ? ಮೂತ್ರ ಕಟ್ಟಿದೆಯೇ? ಇಲ್ಲ. ‘ಹಾಗಾದರೆ ನಾಳೆ ಬೆಳಿಗ್ಗೆ ಸರ್’ ಎಂದರು. ತಜ್ಞರು ನೇರ ಮುಖ್ಯಸ್ಥರಿಗೆ ಫೋನ್ ಮಾಡಿದರು. ಮುಖ್ಯಸ್ಥರು ಕೊಟ್ಟ ಉತ್ತರ ವಿಭಾಗದಲ್ಲೆಲ್ಲ ಹರಡಿತು: ‘ಅವರು ಬೇಡ ಅಂದಿದ್ದರೆ ನಾನೂ ಬೇಡ ಅಂದ ಹಾಗೆ.’

ನನ್ನ ಪ್ರಕಾರ ಇಡೀ ವ್ಯವಸ್ಥೆ ನಿಂತದ್ದು ಆ ಒಂದು ಮಾತಿನ ಮೇಲೆ. ಅವತ್ತು ಮುಖ್ಯಸ್ಥರು ಸ್ವಲ್ಪ ಜಾರಿದ್ದರೂ ಮಾರನೆಯ ದಿನದಿಂದ ಮತ್ತೆ ಫೋನ್‌ಗಳದ್ದೇ ರಾಜ್ಯ ಆಗಿರುತ್ತಿತ್ತು. ಬೇರೆ ಆಸ್ಪತ್ರೆಯವರು ಬಂದು ನಮ್ಮ ಚೀಟಿಯ ನಕಲು ಕೇಳುತ್ತಾರೆ. ಕೊಡುತ್ತೇವೆ. ಜೊತೆಗೆ ‘ಇಲ್ಲ’ ಎನ್ನುವ ಟೆಕ್ನಿಷಿಯನ್ ಬೆನ್ನಿಗೆ ನಿಮ್ಮಲ್ಲಿ ಯಾರು ನಿಲ್ಲುತ್ತಾರೆ ಎಂದೂ ಕೇಳುತ್ತೇವೆ.

ಇನ್ನೊಂದು ನಿರ್ಧಾರಕ್ಕೆ ಆಡಳಿತದವರ ವಿರೋಧ ಬಂತು. ಸಿ.ಟಿ. ದಿನವಿಡೀ ಪೂರ್ತಿ ತುಂಬಿರಬಾರದು, ನಡುನಡುವೆ ಖಾಲಿ ಹೊತ್ತು ಇರಲಿ ಎಂದೆವು. ಇಷ್ಟು ಜನ ಕಾಯುವಾಗ ಯಂತ್ರ ಖಾಲಿ ಇಡುವುದೇ ಎಂದರು. ಸಾಲಿನ ಗಣಿತ ಬೇರೆಯೇ ಹೇಳುತ್ತದೆ. ರೋಗಿಗಳು ಯಾವ ಹೊತ್ತಿಗೆ ಬರುತ್ತಾರೆಂದು ಗೊತ್ತಿಲ್ಲದಿರುವಾಗ, ಸರಳ ಲೆಕ್ಕದ ಪ್ರಕಾರ, ಯಂತ್ರ ಶೇ. 80 ತುಂಬಿದ್ದರೆ ಸರಾಸರಿ ಕಾಯುವಿಕೆ ಒಂದು ಸ್ಕ್ಯಾನಿನ ಹೊತ್ತಿನ 4 ಪಟ್ಟು. ಶೇ. 90 ತುಂಬಿದರೆ 9 ಪಟ್ಟು. ಶೇ. 95ಕ್ಕೆ 19 ಪಟ್ಟು. ಕೊನೆಯ ಸ್ವಲ್ಪ ಜಾಗವನ್ನೂ ತುಂಬಲು ಹೋದರೆ ಕಾಯುವಿಕೆ ಕೈಮೀರುತ್ತದೆ. ಮುಂಚೆ ಗೊತ್ತಿರುವ ಕೇಸುಗಳನ್ನು ಜನ ಕಡಿಮೆ ಇರುವ ಬೆಳಗಿನ ಹೊತ್ತಿಗೆ ಸರಿಸಿದೆವು. ಸಂಜೆ ತುರ್ತಿಗೆ ಬಿಟ್ಟೆವು.

ಹೊರಗೆ ಕಾಯುತ್ತಿದ್ದ ಹುಡುಗಿ

ಇಷ್ಟೆಲ್ಲ ಆದ ಮೇಲೂ ಒಂದು ಕಂದಕ ಉಳಿದಿತ್ತು. ಚೀಟಿ ಬರೆದ ಹೊತ್ತಿನ ರೋಗಿ ಬೇರೆ, ಒಂದು ಗಂಟೆ ಕಾದ ಮೇಲಿನ ರೋಗಿ ಬೇರೆ. ಇದಕ್ಕಾಗಿ ಕಾಯುವ ಜಾಗದಲ್ಲಿ ಒಬ್ಬ ನರ್ಸ್‌ರನ್ನು ಕೇಳಿ ಪಡೆದೆವು. ಅರ್ಧ ಗಂಟೆಗೊಮ್ಮೆ ಎಲ್ಲರ ನಾಡಿ, ರಕ್ತದೊತ್ತಡ, ಉಸಿರು ನೋಡುವುದು ಅವರ ಕೆಲಸ.

ಇಪ್ಪತ್ತರ ಆಸುಪಾಸಿನ ಒಬ್ಬಳು ಕೆಳಹೊಟ್ಟೆ ನೋವಿನಿಂದ ಬಂದಿದ್ದಳು. ಚೀಟಿಯಲ್ಲಿ ‘ಮೂತ್ರನಾಳದ ಕಲ್ಲು ಇರಬಹುದು, ಇವತ್ತಿನೊಳಗೆ ಸಾಕು’ ಎಂದಿತ್ತು. ಕೆಳಹೊಟ್ಟೆಯ ಅಲ್ಟ್ರಾಸೌಂಡ್‌ಗೆ ಮೂತ್ರಕೋಶ ತುಂಬಿರಬೇಕು. ಅದಕ್ಕೇ ನೀರು ಕುಡಿದು ಕಾಯಲು ಹೇಳಿದ್ದರು. ನರ್ಸ್ ಎರಡನೇ ಸುತ್ತು ಬಂದಾಗ ಹುಡುಗಿ ಬೆವರಿದ್ದಳು. ನಾಡಿ 124, ಮೇಲಿನ ರಕ್ತದೊತ್ತಡ 100. ರಕ್ತದೊತ್ತಡ ಒಂದನ್ನೇ ನೋಡಿದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಚಿಕ್ಕ ವಯಸ್ಸಿನವರ ದೇಹ ರಕ್ತ ಹೋಗುತ್ತಿದ್ದರೂ ಒತ್ತಡವನ್ನು ಬಹಳ ಹೊತ್ತು ಹಿಡಿದಿಡುತ್ತದೆ. ನಾಡಿಯನ್ನು ಮೇಲಿನ ಒತ್ತಡದಿಂದ ಭಾಗಿಸಿದರೆ ಸಾಮಾನ್ಯವಾಗಿ 0.5ರಿಂದ 0.7 ಬರುತ್ತದೆ. 0.9 ದಾಟಿದರೆ ಎಚ್ಚರ ಬೇಕು. ಇಲ್ಲಿ 1.2 ದಾಟಿತ್ತು. ನರ್ಸ್ ಯಾರ ಅನುಮತಿಗೂ ಕಾಯಲಿಲ್ಲ. ಸ್ಟ್ರೆಚರ್ ತಳ್ಳಿಕೊಂಡು ಒಳಗೆ ಬಂದರು. ‘ಮೇಡಂ, ಇವಳದ್ದು ಕಲ್ಲಲ್ಲ ಅನ್ಸುತ್ತೆ’ ಎಂದರು.

ಮೂತ್ರಕೋಶ ತುಂಬಿರಲಿಲ್ಲ. ರೇಡಿಯಾಲಜಿಸ್ಟ್ ಅದಕ್ಕೆ ಕಾಯದೆ ಸ್ಟ್ರೆಚರ್ ಮೇಲೇ ಪ್ರೋಬ್ ಇಟ್ಟರು. ಮೊದಲು ನೋಡಿದ್ದು ಲಿವರ್ ಮತ್ತು ಬಲ ಕಿಡ್ನಿಯ ನಡುವಿನ ಜಾಗ. ಅಲ್ಲಿ ದ್ರವ ಇತ್ತು. ಗರ್ಭಕೋಶ ಖಾಲಿ. ಅಲ್ಲೇ ಮಾಡಿದ ಮೂತ್ರದ ಗರ್ಭಪರೀಕ್ಷೆ ಪಾಸಿಟಿವ್. ಗರ್ಭನಾಳದಲ್ಲಿ ಬೆಳೆದ ಗರ್ಭ ಒಡೆದು ಒಳಗೇ ರಕ್ತ ಸೋರುತ್ತಿತ್ತು. ನೋಡಲು ಹಿಡಿದದ್ದು ಎರಡು ಮೂರು ನಿಮಿಷ. ವಿವರವಾದ ರಿಪೋರ್ಟ್ ಬರೆಯದೆ ಬಾಯಲ್ಲೇ ಹೇಳಿ ಥಿಯೇಟರಿಗೆ ಕಳಿಸಿದರು. ಆಪರೇಷನ್ ಆಯಿತು, ಅವಳು ಉಳಿದಳು.

ಆ ದಿನದ ನಂತರ ಎರಡು ಬದಲಾವಣೆ ಆದವು. ಹೊಟ್ಟೆನೋವಿನಿಂದ ಬರುವ, ಮುಟ್ಟಾಗುವ ವಯಸ್ಸಿನ ಎಲ್ಲರಿಗೂ ಸಾಲಿಗೆ ಬರುವ ಮುಂಚೆಯೇ ಮೂತ್ರದ ಗರ್ಭಪರೀಕ್ಷೆ. ಎರಡನೆಯದು ಇನ್ನೂ ಮುಖ್ಯ: ಎಲ್ಲರಿಗೂ ಕಣ್ಣುಮುಚ್ಚಿ ‘ನೀರು ಕುಡಿದು ಕೂತ್ಕೊಳ್ಳಿ’ ಎನ್ನುವುದು ನಿಂತಿತು. ಸ್ವಲ್ಪ ಹೊತ್ತಿನಲ್ಲೇ ಆಪರೇಷನ್ ಬೇಕಾಗಬಹುದಾದ ರೋಗಿಯ ಹೊಟ್ಟೆ ತುಂಬಿಸಿದರೆ ಅರಿವಳಿಕೆ ಕೊಡುವಾಗ ಅಪಾಯ ಜಾಸ್ತಿ.

ಹಿಂದೆ ಬಿದ್ದವರು

ಎಲ್ಲರೂ ತುರ್ತಿನವರ ಕಡೆ ನೋಡುತ್ತಿದ್ದಾಗ ಒಬ್ಬ ಮಹಿಳೆಯ ಸ್ಕ್ಯಾನನ್ನು ಮುಂದೂಡುತ್ತಲೇ ಇದ್ದೆವು. ಕ್ಯಾನ್ಸರ್ ಚಿಕಿತ್ಸೆ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಸ್ಕ್ಯಾನ್. ಪ್ರತಿ ಸಲವೂ ಅವರಿಗಿಂತ ತುರ್ತಿನವರು ಬಂದರು. ಪ್ರತಿ ಸಲವೂ ನಿರ್ಧಾರ ಸರಿಯಾಗಿಯೇ ಇತ್ತು. ಒಟ್ಟು ಸೇರಿದಾಗ ಅನ್ಯಾಯವಾಯಿತು. ಮಗಳು ಬಂದು ಕೇಳಿದಳು: ‘ಅಮ್ಮ ಸಾಯೋ ಸ್ಥಿತಿಗೆ ಬಂದ ಮೇಲೆ ಅವಳ ಸರದಿ ಬರುತ್ತಾ?’ ಯಾರ ಬಳಿಯೂ ಉತ್ತರ ಇರಲಿಲ್ಲ.

ಹೊತ್ತಿನ ಲೆಕ್ಕ ಗಂಟೆಗಳಲ್ಲಿ ಮಾತ್ರ ಅಲ್ಲ, ವಾರಗಳಲ್ಲೂ ಇರುತ್ತದೆ. ಆ ಸ್ಕ್ಯಾನ್ ಮೇಲೆ ಮುಂದಿನ ಕೀಮೋ ನಿರ್ಧಾರ ನಿಂತಿತ್ತು. ಮೂರನೇ ಪ್ರಶ್ನೆಗೆ ಅವರ ಚೀಟಿಯಲ್ಲೂ ಉತ್ತರ ಇತ್ತು, ತಾರೀಖಿನ ರೂಪದಲ್ಲಿ. ನಾವು ಗಂಟೆ ಬರೆದವರನ್ನಷ್ಟೇ ಓದುತ್ತಿದ್ದೆವು. ಈಗ ಒಮ್ಮೆ ಮುಂದೂಡಿದವರ ಚೀಟಿಗೆ ಗುರುತು ಬೀಳುತ್ತದೆ. ಎರಡನೇ ಸಲ ಅವರನ್ನು ದಾಟಬೇಕಾದರೆ ಜೀವಕ್ಕೆ ಅಪಾಯ ಇರುವ ಕೇಸೇ ಆಗಿರಬೇಕು. ಯಾಕೆ ಮುಂದೂಡಿದೆವು, ಹೊಸ ದಿನ ಯಾವುದು ಎಂದು ಹೊಣೆಗಾರರೇ ರೋಗಿಯ ಕಡೆಯವರಿಗೆ ಮುಖಾಮುಖಿ ಹೇಳಬೇಕು. ಕಾಯುವುದಕ್ಕಿಂತ ಯಾರೂ ಏನೂ ಹೇಳದಿರುವುದೇ ಜನರನ್ನು ಹೆಚ್ಚು ನೋಯಿಸುತ್ತದೆ.

ಇನ್ನೂ ತೀರದ್ದು

ಸ್ಕ್ಯಾನ್ ಬೇಗ ಆದರೂ ಅದನ್ನು ಓದುವವರು ಬೇಕು. ಓದುವ ಸಾಲು ಸ್ಕ್ಯಾನ್ ಮಾಡಿದ ಸಾಲಿನಂತೆಯೇ ಇರಬೇಕಿಲ್ಲ. ನಮ್ಮ ಟೆಕ್ನಿಷಿಯನ್‌ಗಳಿಗೆ ಕೆಲವು ಅಪಾಯದ ಚಿತ್ರಗಳನ್ನು ಗುರುತಿಸಲು ಕಲಿಸಿದೆವು. ಸಿ.ಟಿ.ಯಲ್ಲಿ ಹೊಸ ರಕ್ತ ಬಿಳಿಯಾಗಿ ಕಾಣುತ್ತದೆ. ಮೆದುಳಿನ ನಡುಗೆರೆ ಸರಿದಿದ್ದರೆ ಕಣ್ಣಿಗೆ ಬೀಳುತ್ತದೆ. ಎದೆಯ ಎಕ್ಸ್‌ರೇಯಲ್ಲಿ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯ) ಕೆಳಗೆ ಗಾಳಿ ಇದ್ದರೆ ಕರುಳೋ ಜಠರವೋ ತೂತಾಗಿರಬಹುದು. ಇಂಥದ್ದು ಕಂಡರೆ ಅವರು ತಕ್ಷಣ ರೇಡಿಯಾಲಜಿಸ್ಟ್‌ಗೆ ಫೋನ್ ಮಾಡುತ್ತಾರೆ. ರೇಡಿಯಾಲಜಿಸ್ಟ್ ನೋಡಿ ವಾರ್ಡಿಗೆ ಹೇಳುತ್ತಾರೆ. ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಬೇಕು, ಹೆಸರು ಮತ್ತು ಗಂಟೆ ಬರೆದಿಡಬೇಕು.

ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದು ಒಪ್ಪಿಗೆಯಿಲ್ಲ. ಟೆಕ್ನಿಷಿಯನ್ ಏನೂ ಹೇಳದ ಚಿತ್ರವನ್ನು ರಾತ್ರಿ ಡಾಕ್ಟರ್ ‘ನಾರ್ಮಲ್’ ಎಂದುಕೊಂಡುಬಿಟ್ಟರೆ ಏನು ಗತಿ ಎನ್ನುತ್ತಾರೆ. ಆ ಭಯಕ್ಕೆ ಕಾರಣವಿದೆ. ಅದಕ್ಕಾಗಿ ಓದದ ಪ್ರತಿ ಚಿತ್ರದ ಮೇಲೂ ‘ಇನ್ನೂ ಓದಿಲ್ಲ’ ಎಂದು ಬರುವಂತೆ ಮಾಡಿದ್ದೇವೆ. ಟೆಕ್ನಿಷಿಯನ್ ರಿಪೋರ್ಟ್ ಕೊಡುವುದಿಲ್ಲ. ಯಾವುದನ್ನು ಮೊದಲು ಓದಬೇಕು ಎಂದಷ್ಟೇ ಹೇಳುತ್ತಾರೆ. ನಾನು ಇದರ ಪರ ಇದ್ದೇನೆ. ರಾತ್ರಿ ಆ ಚಿತ್ರವನ್ನು ಮೊದಲು ನೋಡುವ ಕಣ್ಣು ಅವರದ್ದೇ. ರೇಡಿಯಾಲಜಿಸ್ಟ್ ಫೋನಿನಲ್ಲಿ ಮಾತ್ರ ಇರುವ ರಾತ್ರಿಗಳಲ್ಲಿ ಇದನ್ನು ಮುಂದುವರಿಸಬೇಕೇ ಎಂಬ ಚರ್ಚೆ ಮುಂದಿನ ಸಭೆಗೆ ಬರಲಿದೆ.